ಒದ್ದೆ ಬೆರಳಿಗೆ ಹತ್ತಿದ ನೀಲಿ

ಹುಲಿಗೆಮ್ಮಕ್ಕ, ಆ ಕಾಗದಕ್ಕೆ ನೀನು ಸಹಿ ಹಾಕಿರಲಿಲ್ಲ. ಹಾಕಿದವಳು ನಾನು. ನೀನು ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುತ್ತಿದ್ದ ಹೊತ್ತಿನಲ್ಲಿ ನಾನು ಸಿಂಧನೂರಿನ ಕಂಪ್ಯೂಟರ್ ಅಂಗಡಿಯಲ್ಲಿ, ಫ್ಯಾನಿನ ಕೆಳಗೆ ಕೂತು, ನಿನ್ನ ಸಹಿಯನ್ನು ನೀನು ಒಪ್ಪದ ಕಾಗದದ ಮೇಲೆ ಇಳಿಸಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಹೆದರಿಸಲಿಲ್ಲ. ಕೇಳಲೂ ಇಲ್ಲ — ನಾನಾಗಿಯೇ ಮಾಡಿದೆ. ಊರು ನಿನ್ನನ್ನು ಸಾರಾಯಿ ಅಂಗಡಿಯವರಿಗೆ ಮಾರಿಕೊಂಡವಳು ಅಂದಿತು. ನಿನ್ನ ಸಂಘದ ಹೆಂಗಸರೇ ಅಂದರು. ಅದನ್ನೆಲ್ಲ ಕೇಳಿಸಿಕೊಂಡೂ ನಾನು ಬಾಯಿ ಬಿಡಲಿಲ್ಲ. ಊರಿನ ಮುಂದೆ ಇಂದಿನವರೆಗೂ ಬಿಟ್ಟಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಎಂದು ನೀನು ಕೇಳಬಹುದು. ಕೇಳುವ ಹಕ್ಕು ನಿನಗಿದೆ. ಹೋದ ವಾರ ನನ್ನ ಮಗಳು ರಾಯಚೂರಿನಿಂದ ನನ್ನ ಫೋನಿಗೆ ಒಂದು ಕಾಗದ ಕಳಿಸಿದಳು — ಅವಳ ಹಾಸ್ಟೆಲ್ಲಿನ ಒಪ್ಪಿಗೆ ಪತ್ರ, ತಾಯಿಯ ಸಹಿ ಬೇಕು. ಪ್ರಿಂಟ್ ತೆಗೆಸಲು ನಾನು ಚಪ್ಪಲಿ ಮೆಟ್ಟಿದ್ದೆ. ಅವಳೇ ಫೋನಿನಲ್ಲಿ ತಡೆದಳು.

"ಅಂಗಡಿಗೆ ಯಾಕ ಹೋಗ್ತೀ ಅವ್ವಾ? ಫೋನಿನ ಮ್ಯಾಲ ಬೆರಳಿಲೆ ಬರಿ, ಸಾಕು. ಸಹಿ ನಿನ್ನ ಫೋನ್ ಬಿಟ್ಟು ಎಲ್ಲೂ ಹೋಗಂಗಿಲ್ಲ, ಕಾಗದ ನಂಗೊಬ್ಬಾಕಿಗೆ ಕಳಸು. ನಿನ್ನ ಸಹಿ ಮಂದಿ ಕೈಯಾಗ ಯಾಕ ಕೊಡ್ಬೇಕು?"

ಮಂದಿ ಕೈಯಾಗ. ಅವಳಿಗೇನು ಗೊತ್ತು, ಅವಳ ಅವ್ವನೇ ಒಂದು ಕಾಲಕ್ಕೆ ಆ 'ಮಂದಿ' ಆಗಿದ್ದಳು ಎಂದು. ನಾನು ಗಾಜಿನ ಮೇಲೆ ಬೆರಳಾಡಿಸಿದೆ. ನನ್ನ ಹೆಸರು ಸೊಟ್ಟಸೊಟ್ಟಾಗಿ ಮೂಡಿತು. ಆಮೇಲೆ ಫೋನು ಕೇಳಿತು: ಈ ಸಹಿಯನ್ನು ಉಳಿಸಿಡಬೇಕೇ? ಹೌದು ಎಂದೊಂದು ಚೌಕ, ಬೇಡ ಎಂದೊಂದು ಚೌಕ. ಬೆರಳು ಅಲ್ಲೇ ನಿಂತಿತು, ಅಕ್ಕ. ಎಷ್ಟು ಮರ್ಯಾದೆಯಿಂದ ಕೇಳುತ್ತದೆ ಇದು! ನಾನು ನಿನ್ನನ್ನು ಒಂದು ಮಾತು ಕೇಳಿದ್ದರೆ —

ಇರಲಿ. ಮೊದಲಿನಿಂದ ಹೇಳುತ್ತೇನೆ. ಈ ಕಾಗದವನ್ನು ನೀನೊಬ್ಬಳೇ ಓದುವುದಿಲ್ಲ, ನಮ್ಮ ಕಥೆ ಗೊತ್ತಿಲ್ಲದವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಶುರುವಾದ ಕಾಲ ಅದು. ಜವಳಗೇರಾದಿಂದ ಒಳಗೆ, ಕಾಲುವೆಯ ಪಕ್ಕದ ನಮ್ಮ ಸಣ್ಣ ಊರಿನಲ್ಲಿ ನಾನು ಪಿಯುಸಿ ಮುಗಿಸಿ ಕೂತಿದ್ದೆ. ದೊಡ್ಡವರಿಗೆ ಅಕ್ಷರ ಕಲಿಸಲು ಹನುಮಪ್ಪನ ಗುಡಿಯ ಪಡಸಾಲೆಯಲ್ಲಿ ಸಂಜೆ ತರಗತಿ ಶುರುವಾದಾಗ ನನ್ನನ್ನು ಹಿಡಿದು ಟೀಚರ್ ಮಾಡಿದರು. ನಾಟಿಗೆ ಹೋಗುವ ಹೆಣ್ಣಾಳುಗಳ ಗುಂಪಿಗೆ ನೀನು ಮುಂದಾಳು. ನೀನು ಬಂದರೆ ಉಳಿದವರು ಬರುತ್ತಿದ್ದರು, ನೀನು ಆಕಳಿಸಿದರೆ ಅವರೂ ಎದ್ದು ಹೋಗುತ್ತಿದ್ದರು. ಬಳಪವನ್ನು ನೀನು ಕುಡಗೋಲಿನ ಹಾಗೆ ಹಿಡಿಯುತ್ತಿದ್ದೆ. ಹೆಸರು ಬರೆಯುವಷ್ಟರಲ್ಲಿ ಎಷ್ಟು ಬಳಪ ಮುರಿದೆಯೋ! ಆದರೂ ಬಿಡಲಿಲ್ಲ. ಹೆಸರು ಬಂದ ಮೇಲೆ ಅದು ಸಹಿಯ ಹಾಗೆ ಕಾಣಬೇಕು ಎಂದು ಹಟ ಹಿಡಿದೆ. ಕೊನೆಯ ಅಕ್ಷರದಿಂದ ಕೆಳಗೆ ಒಂದು ಉದ್ದನೆಯ ಗೆರೆ ಎಳೆದು ತೋರಿಸಿದವಳು ನಾನೇ.

"ಹುಲಿಗಿ ಬಾಲ ಬಂತು ನೋಡ್ರಬೇ!" ಎಂದು ನೀನು ಪಡಸಾಲೆಯೆಲ್ಲ ನಗಿಸಿದೆ.

ಆಮೇಲೆ ರೇಷನ್ ಅಂಗಡಿಯ ಆ ದಿನ. ಅಂಗಡಿಯವರು ರೂಢಿಯಂತೆ ಮಸಿಯ ಡಬ್ಬಿಯನ್ನು ನಿನ್ನ ಮುಂದೆ ಸರಿಸಿದರು. ನೀನು ಮೊಣಕೈಯಿಂದ ಅದನ್ನು ಆಚೆ ತಳ್ಳಿದೆ. "ತಗೀರಿ ಅದನ್ನ. ನಂಗ ಸಹಿ ಬರ್ತೈತಿ." ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು. ನಾನು ನಿನ್ನ ಹಿಂದೆಯೇ ನಿಂತಿದ್ದೆ. ಆವತ್ತು ಆದಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಅಕ್ಷರ ಕಲಿತ ಹೆಂಗಸರೇ ಸೇರಿ ಸಂಘ ಕಟ್ಟಿದಿರಿ. ಅಷ್ಟರಲ್ಲಿ ನನಗೆ ಸಿಂಧನೂರಿನಲ್ಲಿ ಕೆಲಸ ಸಿಕ್ಕಿತ್ತು — ಟೈಪಿಂಗ್ ಅಂಗಡಿಯೊಂದು ಕಂಪ್ಯೂಟರ್ ಅಂಗಡಿಯಾಗಿತ್ತು. ಲಗ್ನಪತ್ರಿಕೆ, ಅರ್ಜಿ, ಕರಪತ್ರ. ಮಾಲೀಕರು ಹೈದರಾಬಾದಿನಿಂದ ಸ್ಕ್ಯಾನರ್ ತಂದಿದ್ದರು, ಬಣ್ಣದ ಪ್ರಿಂಟರ್ ತಂದಿದ್ದರು. ಅಂಥವು ಇವೆ ಎಂಬುದೇ ಪೇಟೆಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಸಂಘದ ಹೆಸರು ಅಚ್ಚು ಹಾಕಿದ ಕಾಗದ ಬೇಕೆಂದು ನೀನು ಬಂದೆ. ಆ ಕೆಲಸ ಮುಗಿದ ಮೇಲೆ ನಾನು ಡೌಲು ತೋರಿಸಲು ನಿನ್ನಿಂದ ಒಂದು ಹಾಳೆಯ ಮೇಲೆ ಸಹಿ ಹಾಕಿಸಿ, ಸ್ಕ್ಯಾನರಿನಲ್ಲಿಟ್ಟು, ಪರದೆಯ ಮೇಲೆ ತಂದೆ. ದೊಡ್ಡದು ಮಾಡಿದೆ. ಬಾಲ ಪರದೆಯ ಈ ತುದಿಯಿಂದ ಆ ತುದಿಯವರೆಗೆ ಬಂತು.

"ಅಯ್ಯ ನನ್ನವ್ವ! ನನ್ನ ಕೈ ಇಲ್ಲೇ ಐತಿ, ಅದು ಅಲ್ಲಿಗೆ ಹೆಂಗ ಹೋತು?" ಎಂದು ನೀನು ಬಾಯಿಗೆ ಸೆರಗು ಹಿಡಿದು ನಕ್ಕೆ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದೆ: "ಅಳಸಬ್ಯಾಡ ತಂಗಿ, ಇಟ್ಟಿರು. ಪ್ಯಾಟಿಗೆ ಬಂದಾಗ ನೋಡ್ತೀನಿ."

ನಾನು ಇಟ್ಟೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ — ಇದೊಂದನ್ನಾದರೂ ನಂಬು.

ಆ ವರ್ಷವೇ ಸಾರಾಯಿಯ ಮೇಲೆ ನಿಮ್ಮ ಸಿಟ್ಟು ತಿರುಗಿತು. ಕಾಲುವೆ ಸೇತುವೆಯ ಪಕ್ಕದ ಅಂಗಡಿ ಕೂಲಿಯನ್ನೆಲ್ಲ ನುಂಗುತ್ತಿತ್ತು. ಗಂಡಸರು ಕುಡಿದು ಬಿಸಾಡಿದ ಪ್ಲಾಸ್ಟಿಕ್ ಪಾಕೀಟುಗಳನ್ನು ನೀವು ಆರಿಸಿ, ದಬ್ಬಣದಿಂದ ಪೋಣಿಸಿ, ಮಾಲೆ ಮಾಡಿದಿರಿ. ಅಂಗಡಿಯ ಬಾಗಿಲಲ್ಲಿ ಸಿಕ್ಕವರ ಕೊರಳಿಗೆ ಹಾಕಿ ಗುಡಿಯ ಕಟ್ಟೆಯವರೆಗೆ ನಡೆಸಿದಿರಿ. ಕಟ್ಟೆಯ ಮೇಲೆ ನಿಲ್ಲಿಸಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿಸಿದಿರಿ. ನಾನೂ ಸಿಂಧನೂರಿನ ಅಂಗಡಿಯಲ್ಲಿ ಈ ಸುದ್ದಿಯನ್ನು ಬಣ್ಣ ಕಟ್ಟಿ ಹೇಳಿ ನಗಿಸಿದವಳೇ. ಮೂರನೆಯ ಸಲದ ಮಾಲೆ ನನ್ನ ಅಣ್ಣ ಬಸವರಾಜನ ಕೊರಳಿಗೆ ಬಿತ್ತು.

ಅಣ್ಣನಿಗೆ ಹೆಣ್ಣು ಕೊಡಲು ಸಂತೆಕಲ್ಲೂರಿನವರು ಮನೆ ನೋಡಲು ಬಂದ ದಿನ ಅದು. ಅವರು ಬಸ್ಸಿಳಿದು ಗುಡಿಯ ಮುಂದೆ ಬರುವ ಹೊತ್ತಿಗೆ ಅಣ್ಣ ಕಟ್ಟೆಯ ಮೇಲೆ ಮಾಲೆ ಹಾಕಿಕೊಂಡು ನಿಂತಿದ್ದ. ಅವರು ಅಲ್ಲಿಂದಲೇ ಹಿಂದಿರುಗಿದರು. ನಮ್ಮವ್ವ ಒಲೆ ಹಚ್ಚಲಿಲ್ಲ. ಸಂಜೆ ನೀನೇ ನಮ್ಮ ಮನೆಯ ಬಾಗಿಲಿಗೆ ಬಂದೆ. ನಾನು ಎದ್ದು ಒಳಗೆ ಹೋದೆ. ಆದರೂ ನಿನ್ನ ಮಾತು ಕಿವಿಗೆ ಬಿತ್ತು.

"ನಂಗ ಗೊತ್ತಿರಲಿಲ್ಲ ಯವ್ವಾ, ಬೀಗರು ಬರಾಕತ್ಯಾರ ಅಂತ. ಆದ್ರ ಗೊತ್ತಿದ್ರೂ ಬಿಡ್ತಿರಲಿಲ್ಲ. ಗಿರಿಜಾನ ಅಣ್ಣ ಅಂತ ಬಿಟ್ರ, ಉಳದವರ ಕೊಳ್ಳಾಗ ಯಾವ ಮುಖದಿಂದ ಹಾಕ್ಲಿ?"

ನೀನು ಹೇಳಿದ್ದು ನ್ಯಾಯ. ಅದು ನ್ಯಾಯ ಎಂದು ಅಂದೇ ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಏರಿತು. ನಾನು ಕಲಿಸಿದ ಅಕ್ಷರದಿಂದ ಮುಂದಾಳಾದವಳು ನನ್ನ ಮನೆಯ ಮಾನವನ್ನೇ ಬೀದಿಗೆ ತಂದಳು — ಹೀಗೆ ಒಳಗೊಳಗೇ ಹೇಳಿಕೊಂಡು ಉರಿದೆ. ನೀವು ಕೊಟ್ಟ ಅರ್ಜಿಗೆ ಲಿಂಗಸುಗೂರಿನ ಉಪವಿಭಾಗದ ಸಾಹೇಬರ ಕಚೇರಿಯಿಂದ ಹುಕುಂ ಬಂದು ಆ ಅಂಗಡಿಗೆ ಬೀಗ ಬಿತ್ತು. ಊರಲ್ಲಿ ಹೆಂಗಸರು ಹಲಗೆ ಬಾರಿಸಿ ಕುಣಿದರು. ನಾನು ಬಾಗಿಲು ಹಾಕಿಕೊಂಡು ಕೂತೆ.

ಕೆಲವು ವಾರ ಕಳೆದು ಸಾರಾಯಿ ಗುತ್ತಿಗೆದಾರನ ಮುನ್ಷಿ ನಮ್ಮ ಕಂಪ್ಯೂಟರ್ ಅಂಗಡಿಗೆ ಬಂದ. ಸಂಘದ ಹೆಸರಿನಲ್ಲಿ ಒಂದು ಪತ್ರ ಟೈಪು ಮಾಡಬೇಕಿತ್ತು — ಅಂಗಡಿ ಮತ್ತೆ ತೆರೆಯಲು ನಮ್ಮ ತಕರಾರಿಲ್ಲ ಎಂದು. ಮಾಲೀಕರು ಊಟಕ್ಕೆ ಹೋಗಿದ್ದರು. ಟೈಪು ಮಾಡುತ್ತ ನಾನು ತಲೆ ಎತ್ತದೆ ಕೇಳಿದೆ, ಸಹಿ ಯಾರು ಹಾಕುತ್ತಾರೆ ಎಂದು.

"ಆ ಹೆಣ್ಣುಮಗಳು ದಸ್ಕತ್ತು ಹಾಕಂಗಿಲ್ಲ ಬಿಡವ್ವ. ಬಾಳ ಖಡಕ್ ಅದಾಳ. ನೀ ಟೈಪ್ ಮಾಡಿ ಕೊಡು, ಮುಂದಿಂದು ಅಲ್ಲಾ ನೋಡ್ಕೊಂತಾನ" ಎಂದು ಅವನು ಸೋತವನಂತೆ ಬೀಡಿ ತೆಗೆದ.

ಅವನು ಸೋತಿದ್ದ, ಅಕ್ಕ. ಆ ಕಾಗದ ಖಾಲಿ ಜಾಗದೊಂದಿಗೆ ಅವನ ಕಿಸೆಯಲ್ಲೇ ಹರಿದು ಹೋಗುತ್ತಿತ್ತು. ಆಗ ನಾನು ಹೇಳಿದೆ —

"ಸಹಿ ಸೈತ ಹಾಕಿ ಕೊಡ್ಲೇನ್ರಿ?"

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದು ಇವತ್ತಿಗೂ ನನ್ನನ್ನು ಹೆದರಿಸುತ್ತದೆ. ನಾನೇ ಚಂದ ಮಾಡಿಕೊಟ್ಟಿದ್ದ ಸಂಘದ ಹೆಸರಿನ ಹಾಳೆಯನ್ನು ತೆರೆದೆ. ನಿನ್ನ ಸಹಿಯನ್ನು ತಂದು ಕೆಳಗೆ ಕೂರಿಸಿದೆ. ಸಣ್ಣದು ಮಾಡಿದೆ. ಪೆನ್ನಿನ ನೀಲಿ ಕೊಟ್ಟೆ. ಪ್ರಿಂಟ್ ಒತ್ತಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಾಲ ಬಳಿ ಬ್ಯಾಟರಿಯ ಡಬ್ಬಿ ಕೂಗತೊಡಗಿತು, ಅದರ ಬಲದಿಂದ ಪರದೆ, ಪ್ರಿಂಟರ್ ಎರಡೇ ಉರಿಯುತ್ತಿದ್ದವು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಅವೂ ಆರಿ ಹೋಗುತ್ತಿದ್ದವು. ಕರೆಂಟಿಲ್ಲ ರೀ, ನಾಳೆ ಬರ್ರಿ ಎಂದರೆ ಮುಗಿಯುತ್ತಿತ್ತು. ಆ ಕೂಗು ಕಿವಿಗೆ ಬಡಿಯುತ್ತಿರುವಾಗಲೇ, ಎಲ್ಲಿ ಆರಿಬಿಡುತ್ತದೋ ಎಂಬ ಅವಸರದಲ್ಲಿ — ಹೌದು, ಅವಸರದಲ್ಲಿ — ಗುಂಡಿ ಒತ್ತಿದೆ. ಕಾಗದ ತೆವಳುತ್ತ ಹೊರಬಂತು. ಕೊನೆಗೆ ಬಾಲ ಬಂತು.

ಮುನ್ಷಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ನನ್ನನ್ನು ನೋಡಿದ. ಏನೋ ಕೊಡಲು ಬಂದ, ನಾನು ಮುಟ್ಟಲಿಲ್ಲ. ಮುಟ್ಟದೆ ಇದ್ದುದನ್ನೇ ದೊಡ್ಡತನವೆಂದುಕೊಂಡು ಎಷ್ಟೋ ವರ್ಷ ಬೆನ್ನು ತಟ್ಟಿಕೊಂಡೆ, ನಾಚಿಕೆಗೇಡಿ! ಮಾರನೆಯ ದಿನ ನಿನ್ನ ಸಹಿಯನ್ನು ಕಂಪ್ಯೂಟರಿನಿಂದ ಅಳಿಸಿದೆ. ನೀನು ಇಟ್ಟಿರು ಅಂದದ್ದನ್ನು.

ಅಂಗಡಿ ತೆರೆಯಿತು. ನಿನಗೆ ನಂಬಿಕೆಯೇ ಆಗಲಿಲ್ಲ. ನೀನು ಬಂದು ಕೂತದ್ದು ಯಾರ ಮುಂದೆ? ನನ್ನ ಮುಂದೆ. "ಲಿಂಗಸುಗೂರಿಗೆ ಹೋಗಿ ಕೇಳಬೇಕು. ಇಂಗ್ಲಿಷಿನ್ಯಾಗ ಏನರ ಅಂದ್ರ ನಂಗ ತಿಳಿಯಂಗಿಲ್ಲ. ನೀ ಬಾ ತಂಗಿ." ಅಣ್ಣನ ಮಾಲೆಯಾದ ಮೇಲೂ ನಿನಗೆ ನನ್ನ ಮೇಲೆ ಅನುಮಾನ ಹುಟ್ಟಿರಲಿಲ್ಲ. ಬರುವುದಿಲ್ಲ ಎಂದರೆ ಹುಟ್ಟೀತು ಎಂದು ನಾನು ಹೊರಟೆ. ನೀನು, ನಾನು, ಸಂಘದ ಈರಮ್ಮ, ಅವಳ ಜೊತೆ ಅವಳ ನಾದಿನಿ. ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವವರೆಗೂ ನಾನು ಟಿಕೆಟ್ಟುಗಳನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದೆ. ನೀನು ಕಿಟಕಿಯಲ್ಲಿ ಕೂತು, ಸಾಹೇಬರಿಗೆ ಏನು ಹೇಳಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಸಾಹೇಬರು ಇರಲಿಲ್ಲ. ಗುಮಾಸ್ತರು ಫೈಲು ತೆಗೆದು ಆ ಕಾಗದವನ್ನು ಮೇಜಿನ ಮೇಲಿಟ್ಟರು. ನೀನು ಬಗ್ಗಿದೆ. ಒಂದೊಂದೇ ಅಕ್ಷರ ಓದಿದೆ. ಸಹಿಯ ಹತ್ತಿರ ಬಂದು ನಿಂತೆ.

"ಇದು ನಿಂದು ಹೌದೋ ಅಲ್ಲೋ?" ಗುಮಾಸ್ತರು ಕೇಳಿದರು.

"ಸಹಿ ನಂದೇ ರೀ. ಆದ್ರ ನಾ ಹಾಕಿಲ್ಲ."

ಅಕ್ಕಪಕ್ಕದ ಮೇಜಿನವರೂ ನಕ್ಕರು. ನೀನು ಬೆವರು ಒರೆಸಿಕೊಂಡು, ಯಾರೋ ಅಚ್ಚು ಒತ್ತಿರಬೇಕು ಅಂದೆ. ಗುಮಾಸ್ತರು ಕೆಟ್ಟವರಲ್ಲ. ಪರೀಕ್ಷೆ ಮಾಡಿ ನೋಡೋಣವೆಂದರು. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ನಿನ್ನ ಸಹಿಯ ಬಾಲದ ಮೇಲೆ ತಿಕ್ಕಿದರು. ನೀಲಿ ಕದಡಿತು. ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರಿ, ಮಸಿ ಹತ್ತೈತಿ. ಅಚ್ಚಿಂದು ಕರ್ರಗ ಇರ್ತೈತಿ, ಹಿಂಗ ಹತ್ತಂಗಿಲ್ಲ. ಇದು ಪೆನ್ನಿಂದೇ."

ಆ ಹೊಸ ಪ್ರಿಂಟರಿನ ಮಸಿ ನೀರು ತಾಗಿದರೆ ಹರಡುತ್ತದೆ ಎಂಬುದು ಆ ಕೋಣೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಲಗ್ನಪತ್ರಿಕೆಯ ಗಿರಾಕಿಗಳಿಗೆ ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದು ದಿನವೂ ಹೇಳುತ್ತಿದ್ದವಳು ನಾನೇ. ಈರಮ್ಮ ನಿನ್ನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಅದನ್ನು ಕಣ್ಣಾರೆ ಕಂಡೆ.

ನೀನು ನನ್ನ ಕಡೆ ತಿರುಗಿದೆ. "ಗಿರಿಜಾ, ನೀ ಹೇಳ್ಬೇ. ನೀನ ಕಲಿಸಿದಾಕಿ."

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. ಹೊರಗೆ ಯಾವುದೋ ಜೀಪು ಶುರುವಾಗದೆ ಕೆಮ್ಮುತ್ತಿತ್ತು. ನಾನು ಹೇಳಿದೆ:

"ಇದು ಅಕ್ಕನ ಸಹೀನೇ ರೀ..."

ಆ ಮಾತು ಅಲ್ಲಿಗೆ ಮುಗಿಯಬಾರದಿತ್ತು. ಮುಂದಿನದು ಗಂಟಲಿನವರೆಗೂ ಬಂದಿತ್ತು — ಬಂದಿತ್ತು ಎಂದು ಈಗ ಅನಿಸುತ್ತದೆಯೋ, ನಿಜವಾಗಿಯೂ ಬಂದಿತ್ತೋ, ಅದನ್ನೂ ಪ್ರಮಾಣ ಮಾಡಿ ಹೇಳಲಾರೆ. ಗುಮಾಸ್ತರು ಫೈಲು ಮುಚ್ಚಿದರು. ನೀನು ನನ್ನ ಮುಖವನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ಕಂಪ್ಯೂಟರಿನ ಪರದೆಯ ಮೇಲೆ ಆ ದಿನ ಕಂಡ ಬಾಲ ನಿನಗೆ ಆಗ ನೆನಪಾಯಿತೇ? ನನಗೆ ತಿಳಿಯದು.

ಹಿಂದಿರುಗುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ಈರಮ್ಮ ಮತ್ತು ಅವಳ ನಾದಿನಿ ಇಳಿದು ಚಹಾ ಕುಡಿದು, ಹತ್ತುವಾಗ ಮುಂದಿನ ಸೀಟಿಗೆ ಹೋಗಿ ಕೂತರು. ನೀನು ಕೆಳಗಿಳಿದು ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಪೇಪರು ಬಿಚ್ಚಿ ನನ್ನ ತೊಡೆಯ ಮೇಲಿಟ್ಟೆ.

"ತಿನ್ನು. ಮುಂಜಾನಿಂದ ಏನೂ ತಿಂದಿಲ್ಲ ನೀ." ಬಸ್ಸು ಹೊರಟ ಮೇಲೆ, ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದೆ: "ನೀ ಸುಳ್ಳರ ಹೇಳಿಲ್ಲ ಬಿಡು. ಸಹಿ ನಂದೇ ಇತ್ತಲ್ಲ."

ಮಿರ್ಚಿಯನ್ನು ನಾನು ಹಾಗೇ ಪೇಪರಿನಲ್ಲಿ ಸುತ್ತಿಟ್ಟೆ. ನೀನು ಗೊತ್ತಿದ್ದು ಹೇಳಿದೆಯೋ, ಗೊತ್ತಿಲ್ಲದೆ ಹೇಳಿದೆಯೋ — ಇಷ್ಟು ವರ್ಷ ನಾನು ಇದನ್ನೇ ಮೆಲುಕು ಹಾಕಿದ್ದೇನೆ. ಒಮ್ಮೊಮ್ಮೆ, ಅವಳಿಗೆ ಗೊತ್ತಾಗಿದೆ, ಕ್ಷಮಿಸಿದ್ದಾಳೆ ಎಂದು ಅಂದುಕೊಂಡು ನಿದ್ದೆ ಮಾಡಿದ್ದೇನೆ. ಕ್ಷಮೆಯನ್ನೂ ನಿನ್ನ ಕೈಯಿಂದ ಹಾಗೇ ಎತ್ತಿಕೊಂಡೆ, ಕೇಳದೆ.

ಸಂಘ ಒಡೆಯಿತು. ನಾಟಿಯ ಗುಂಪಿಗೆ ಈರಮ್ಮ ಮುಂದಾಳಾದಳು. ನಿನ್ನನ್ನು ಕರೆಯುವವರು ಕಡಿಮೆಯಾದರು. ನೀನು ಒಬ್ಬಳೇ ದೂರದ ಗದ್ದೆಗಳಿಗೆ ಹೋಗತೊಡಗಿದೆ. ಯಾರ ಮಾನಕ್ಕಾಗಿ ನಾನು ಇದನ್ನು ಮಾಡಿದೆನೋ ಆ ಅಣ್ಣ ಕಟ್ಟೆಯ ಮೇಲೆ ಮಾಡಿದ ಆಣೆಯನ್ನು ಅಷ್ಟು ದಿನ ಉಳಿಸಿಕೊಂಡಿದ್ದ — ಅಂಗಡಿ ತೆರೆದ ವಾರವೇ ಮುರಿದ. ಅವನು ಬಹಳ ಕಾಲ ಬದುಕಲಿಲ್ಲ. ಅದು ನನಗಾದ ಶಿಕ್ಷೆ, ಇನ್ನು ಬಾಕಿ ಇಲ್ಲ ಎಂದು ಹೇಳಲು ನಾಲಿಗೆ ತುಡಿಯುತ್ತದೆ. ಹೇಳುವುದಿಲ್ಲ. ಅವನ ಸಾವು ನಿನ್ನ ಮಾನವನ್ನು ನಿನಗೆ ತಿರುಗಿಸಿ ಕೊಡಲಿಲ್ಲ.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದೆ. ನುಂಗಲಾರದ್ದು ಒಂದಿದೆ. ನನ್ನ ಲಗ್ನಕ್ಕೆ ಮುಂಚೆ ಒಂದು ದಿನ ಅದೇ ರೇಷನ್ ಅಂಗಡಿಯ ಸಾಲಿನಲ್ಲಿ ನಿನ್ನ ಹಿಂದೆ ನಿಂತಿದ್ದೆ. ನೀನು ನನ್ನನ್ನು ನೋಡಿರಲಿಲ್ಲ. ಅಂಗಡಿಯವರು ನಿನ್ನ ಮುಂದೆ ಪೆನ್ನು ಇಟ್ಟರು. ನೀನು ಅದನ್ನು ಸರಿಸಿ, ಮೂಲೆಯಲ್ಲಿದ್ದ ಮಸಿಯ ಡಬ್ಬಿಯನ್ನು ನೀನೇ ಎಳೆದುಕೊಂಡೆ.

"ಯಾಕವ್ವ, ಸಹಿ ಮರ್ತಿ ಏನು?" ಎಂದು ಅವರು ತಮಾಷೆ ಮಾಡಿದರು.

"ಹೆಬ್ಬಟ್ಟಾದ್ರ ನಾ ಬಂದಾಗಷ್ಟ ಬೀಳ್ತೈತಿ ರೀ" ಎಂದೆ ನೀನು. ಒತ್ತಿದೆ. ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡು, ಚೀಲ ಹೊತ್ತು ಹೋದೆ.

ಅಂದಿನಿಂದ ನೀನು ಸಹಿ ಹಾಕಿಲ್ಲವಂತೆ. ಬ್ಯಾಂಕಿನಲ್ಲೂ ಇಲ್ಲ, ಮಗಳ ಲಗ್ನದ ಕಾಗದಕ್ಕೂ ಇಲ್ಲ. ನಮ್ಮವ್ವ ಸಾಯುವ ಮುಂಚೆ ಹೇಳುತ್ತಿದ್ದಳು, ಹುಲಿಗೆಮ್ಮಗ ಕಲಿತಿದ್ದೆಲ್ಲ ಮರ್ತು ಹೋಗೈತಿ ಪಾಪ, ಎಂದು. ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಅವ್ವನ ಮುಂದೆಯೂ ಹೇಳಲಿಲ್ಲ.

ನನ್ನ ಫೋನಿನಲ್ಲಿ ನಾನು 'ಬೇಡ' ಎಂಬ ಚೌಕವನ್ನು ಒತ್ತಿದೆ. ಮಗಳ ಕಾಗದದ ಮೇಲಿನದಷ್ಟೇ ಉಳಿದು, ಫೋನಿನಲ್ಲಿದ್ದ ಸಹಿ ಅಳಿದು ಹೋಯಿತು. ಆಮೇಲೆ ಮಗಳಿಗೆ ಎಲ್ಲವನ್ನೂ ಹೇಳಿದೆ. "ಆ ಅಜ್ಜಿ ಇನ್ನೂ ಅದಾರೇನು?" ಎಂದಷ್ಟೇ ಕೇಳಿದಳು. ಇದ್ದಾರೆ ಎಂದೆ. ಅವಳು ಫೋನಿಟ್ಟಳು.

ಈ ಕಾಗದವನ್ನು ನಿನಗೊಬ್ಬಳಿಗೇ ಗುಟ್ಟಾಗಿ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಮಗಳು ಹೇಳಿದ ಹಾಗೆ ತಮ್ಮ ಸಹಿಯನ್ನು ಒಬ್ಬರೇ ಕೂತು, ಯಾರಿಗೂ ಕಾಣದಂತೆ ಹಾಕಬಹುದು, ಅದು ಒಳ್ಳೆಯದೇ. ಆದರೆ ನಿನ್ನ ಹೆಸರು ಕೆಟ್ಟದ್ದು ನಾಲ್ಕು ಜನರ ಎದುರಿಗೆ. ಮೊನ್ನೆ ಊರಿನವರೊಬ್ಬರು ಸಿಕ್ಕಿದ್ದರು: ಅಮಾವಾಸ್ಯೆಯ ದಿನ ಈಗಲೂ ಯಾರೂ ಗದ್ದೆಗಿಳಿಯುವುದಿಲ್ಲವಂತೆ, ಹಳೆಯ ಹೆಂಗಸರೆಲ್ಲ ಗುಡಿಯ ಕಟ್ಟೆಯ ಹತ್ತಿರ ಕೂಡುತ್ತಾರಂತೆ. ಈರಮ್ಮನೂ ಬರುತ್ತಾಳಂತೆ. ನೀನು ಸ್ವಲ್ಪ ದೂರದಲ್ಲಿ, ಬೇವಿನ ಮರದ ಬುಡಕ್ಕೆ ಒಬ್ಬಳೇ ಕೂರುತ್ತೀಯಂತೆ.

ಬರುವ ಅಮಾವಾಸ್ಯೆಗೆ ಬರುತ್ತೇನೆ, ಅಕ್ಕ. ನನ್ನ ಅಣ್ಣ ಮಾಲೆ ಹಾಕಿಕೊಂಡು ನಿಂತ ಜಾಗದಲ್ಲೇ ನಿಲ್ಲುತ್ತೇನೆ. ಮಾಲೆ ಹಾಕುವುದಿದ್ದರೆ ಹಾಕಿ. ಕ್ಷಮಿಸು ಎಂದು ಕೇಳುವುದಿಲ್ಲ, ಮತ್ತೆ ಸಹಿ ಹಾಕು ಎಂದೂ ಕೇಳುವುದಿಲ್ಲ. ಲಿಂಗಸುಗೂರಿನ ಮೇಜಿನ ಮುಂದೆ ಅರ್ಧಕ್ಕೆ ನುಂಗಿದ ಒಂದು ಮಾತಿದೆ, ಅದನ್ನು ಈರಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ ಪೂರ್ತಿ ಹೇಳಿ ಇಳಿಯುತ್ತೇನೆ:

"ಇದು ಅಕ್ಕನ ಸಹೀನೇ ರೀ. ಹಾಕಿದಾಕಿ ನಾನು."